ಹೈಸ್ಕೂಲ್ ಮಕ್ಕಳಿಗೆ ಲೈಂಗಿಕ ಆರೋಗ್ಯದ ಪಾಠ: ವರ್ಷಕ್ಕೊಂದು ಕಾರ್ಯಕ್ರಮ ಸಾಕಾ?

ಕಾರಟಗಿ ಟೀಚರ್:
ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಟೀಚರ್‌ಗಳು, ಆಶಾ ಅಕ್ಕಂದಿರು, ಅಪ್ಪ ಅಮ್ಮಂದಿರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ಈ ಮಾತನ್ನು ಇಲ್ಲಿ ಎತ್ತುತ್ತಿದ್ದೇನೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಡೆ ಲೈಂಗಿಕ ಆರೋಗ್ಯದ ಪಾಠ ಅಂದರೆ ವರ್ಷಕ್ಕೊಂದು ಕಾರ್ಯಕ್ರಮ. ಹೊರಗಿನಿಂದ ಯಾರೋ ಬರುತ್ತಾರೆ, ಹೆಣ್ಣುಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ, ಮುಟ್ಟು, ಸ್ವಚ್ಛತೆ, ರಕ್ತಹೀನತೆ ಅಂತ ಒಂದು ತಾಸು ಮಾತಾಡುತ್ತಾರೆ, ಕೊನೆಗೆ "ಏನಾದರೂ ಡೌಟ್ ಇದೆಯಾ?" ಅಂತ ಕೇಳುತ್ತಾರೆ. ಅಷ್ಟು ಜನರ ಎದುರು ಯಾರು ಕೈ ಎತ್ತುತ್ತಾರೆ ಹೇಳಿ? ಪ್ಯಾಡ್ ಹಂಚಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಗಂಡುಮಕ್ಕಳು ಆ ಹೊತ್ತಿಗೆ ಗ್ರೌಂಡಿನಲ್ಲಿರುತ್ತಾರೆ.

ಬಂದವರ ಮನಸ್ಸು ಒಳ್ಳೆಯದೇ. ಆದರೆ ಇದರಿಂದ ಮಕ್ಕಳ ನಡವಳಿಕೆ ಬದಲಾಗುವುದಿಲ್ಲ. ಇದು ನಾನೊಬ್ಬಳೇ ಹೇಳುತ್ತಿರುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ವೆಂಕಟರಾಮನ್ ಚಂದ್ರಮೌಳಿ ಮತ್ತು ಸಂಗಡಿಗರು 2015ರಲ್ಲಿ ಹದಿಹರೆಯದವರ ಆರೋಗ್ಯದ ವಿಷಯದಲ್ಲಿ ಏನು ಕೆಲಸ ಮಾಡುವುದಿಲ್ಲ ಅನ್ನುವುದನ್ನೇ ಒಂದು ಲೇಖನವಾಗಿ ಬರೆದರು. ಯುವಜನರಿಗೆ ಅಂತಲೇ ಕಟ್ಟುವ ಕೇಂದ್ರಗಳು, ಮಕ್ಕಳಿಂದಲೇ ಮಕ್ಕಳಿಗೆ ಹೇಳಿಸುವ ಪಾಠ, ಊರಲ್ಲಿ ಒಮ್ಮೆ ನಡೆಸುವ ದೊಡ್ಡ ಸಭೆ, ಇವುಗಳ ಮೇಲೆ ಹಣ ಹಾಕುತ್ತಲೇ ಇದ್ದೇವೆ, ಫಲ ಮಾತ್ರ ಕಾಣುತ್ತಿಲ್ಲ ಅಂತ ಅವರು ನೇರವಾಗಿಯೇ ಹೇಳಿದ್ದಾರೆ.

ನಾನು ಕ್ಲಾಸಿನಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟಿದ್ದೇನೆ. ಮೇಲೆ ಸೀಳು, ಸುತ್ತ ಟೇಪ್. ಎಲ್ಲರೂ ಚೀಟಿ ಹಾಕಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿಯನ್ನೇ ಮಡಚಿ ಹಾಕಬೇಕು ಅನ್ನುವುದು ನಿಯಮ. ಆಗ ಯಾರು ಬರೆದರು, ಯಾರು ಬರೆಯಲಿಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದರಲ್ಲಿ ಬರುವ ಪ್ರಶ್ನೆಗಳನ್ನು ನೋಡಿ: "ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುತ್ತದೆ, ನನಗೆ ರೋಗ ಬಂದಿದೆಯಾ?" "ಎರಡು ತಿಂಗಳಿಂದ ಡೇಟ್ ಆಗಿಲ್ಲ, ಅವ್ವನಿಗೆ ಹೇಳಿದರೆ ತಪ್ಪು ತಿಳಿಯುತ್ತಾಳೆ." "ಒಬ್ಬ ನನ್ನ ಫೋಟೊ ಇಟ್ಟುಕೊಂಡು ಹೆದರಿಸುತ್ತಾನೆ." "ಬೇಸಿಗೆ ರಜೆಯಲ್ಲಿ ಮದುವೆ ಮಾಡುತ್ತಾರಂತೆ, ಬೇಡ ಅಂತ ಹೇಗೆ ಹೇಳುವುದು?"

ಇವುಗಳಲ್ಲಿ ಯಾವುದಕ್ಕೆ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವ ಪಾಠದಲ್ಲಿ ಉತ್ತರ ಇದೆ? ಉತ್ತರ ಹೇಳಿದ ಮೇಲೂ ಆ ಮಗು ಮರುದಿನ ಯಾರ ಹತ್ತಿರ ಹೋಗಬೇಕು? ನನ್ನ ಅನಿಸಿಕೆ ಇಷ್ಟೇ. ಪಾಠ ಎಷ್ಟೇ ಚೆನ್ನಾಗಿದ್ದರೂ, ಅದರ ಬೆನ್ನಿಗೆ ನಂಬುವಂಥ ಒಬ್ಬ ಮನುಷ್ಯ, ಹೋಗಬಹುದಾದ ಒಂದು ಬಾಗಿಲು ಇಲ್ಲದಿದ್ದರೆ ಅದು ಅರ್ಧ ಪಾಠ. ನೀವೆಲ್ಲ ಏನು ನೋಡಿದ್ದೀರಿ, ಬರೆಯಿರಿ.

ಸಿಂಧನೂರು ರೈಸ್ ಮಿಲ್:
ಟೀಚರಮ್ಮ, ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸ್, ಮಗ ಏಳನೇ ಕ್ಲಾಸ್. ಜಗಳಕ್ಕೆ ಬಂದಿಲ್ಲ, ಭಯದಿಂದ ಕೇಳುತ್ತಿದ್ದೇನೆ. ಮುಟ್ಟಿನ ಬಗ್ಗೆ ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಕಾಂಡೋಮ್, ಮಾತ್ರೆ, ಅದು ಇದು ಅಂತ ಈ ವಯಸ್ಸಿಗೇ ಹೇಳಿಕೊಟ್ಟರೆ ಮಾಡಿ ನೋಡೋಣ ಅನ್ನುವ ಆಸೆ ಹುಟ್ಟುವುದಿಲ್ಲವಾ? ನಮ್ಮ ಊರಲ್ಲಿ ಹುಡುಗಿ ಯಾರದೋ ಜೊತೆ ಮಾತಾಡಿದಳು ಅಂತ ಸುದ್ದಿ ಬಂದರೆ ಸಾಕು, ಶಾಲೆ ಬಿಡಿಸಿ ಮದುವೆ ಮಾಡುತ್ತಾರೆ. ಅಪ್ಪನಾಗಿ ನನಗೆ ಆ ಭಯ ಇದೆ.

ಕಾರಟಗಿ ಟೀಚರ್:
ಅಣ್ಣಾ, ಈ ಭಯ ಬಹಳ ಜನ ತಂದೆ ತಾಯಿಗಳಿಗಿದೆ, ನೀವು ಬಾಯಿ ಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ಇದನ್ನು ಜಗತ್ತಿನ ಬೇರೆ ಬೇರೆ ಕಡೆ ಅಳೆದು ನೋಡಿದ್ದಾರೆ. ಯುನೆಸ್ಕೊ 2009ರಲ್ಲಿ ಲೈಂಗಿಕ ಶಿಕ್ಷಣಕ್ಕೆ ಒಂದು ಮಾರ್ಗಸೂಚಿ ತಂದಿತು, 2018ರಲ್ಲಿ ಅದನ್ನು ತಿದ್ದಿ ಮತ್ತೆ ಹೊರತಂದಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪಾಠದಿಂದ ಮಕ್ಕಳು ಬೇಗ ಸಂಬಂಧ ಶುರು ಮಾಡುತ್ತಾರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಚೆನ್ನಾಗಿ ನಡೆದ ಕಡೆ ಮಕ್ಕಳು ತಡ ಮಾಡಿದರು, ಮುಂದೆ ಸುರಕ್ಷತೆಯನ್ನು ಜಾಸ್ತಿ ಪಾಲಿಸಿದರು.

ಇದರ ವಿರುದ್ಧದ ದಾರಿಯನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ "ಮದುವೆಯವರೆಗೆ ಬೇಡ" ಅನ್ನುವುದನ್ನು ಮಾತ್ರ ಕಲಿಸುವ ಕಾರ್ಯಕ್ರಮಗಳಿಗೆ ಸರ್ಕಾರ ಸಿಕ್ಕಾಪಟ್ಟೆ ಹಣ ಕೊಟ್ಟಿತು. ಅಲ್ಲಿನ ಸಂಸತ್ತೇ ಹೇಳಿ ಮಾಡಿಸಿದ ಮೌಲ್ಯಮಾಪನ 2007ರಲ್ಲಿ ಬಂತು. ಆ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಮಾತ್ರ ದೂರ ಉಳಿದಿದ್ದರು.

ಇನ್ನೊಂದು ಮಾತು. ಎಲ್ಲವನ್ನೂ ಎಲ್ಲ ವಯಸ್ಸಿಗೂ ಹೇಳುವುದಿಲ್ಲ. ನಿಮ್ಮ ಏಳನೇ ಕ್ಲಾಸಿನ ಮಗನಿಗೆ ಮೈಯಲ್ಲಿ ಆಗುವ ಬದಲಾವಣೆ, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಯಾರಿಗೆ ಹೇಳಬೇಕು, ಅಕ್ಕನಿಗೆ ಮುಟ್ಟು ಬಂದರೆ ಗೇಲಿ ಮಾಡಬಾರದು, ಇಷ್ಟು ಸಾಕು. ಕಾಂಡೋಮ್ ಮಾತು ದೊಡ್ಡ ಮಕ್ಕಳಿಗೆ. ನಾವು ಹೇಳದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ ಅನ್ನುವ ಕಾಲ ಹೋಯಿತು ಅಣ್ಣಾ. ಫೋನ್ ಎಲ್ಲರ ಕೈಯಲ್ಲಿದೆ. ಅಲ್ಲಿ ನೋಡುವುದರಲ್ಲಿ ಒಪ್ಪಿಗೆ ಕೇಳುವುದೂ ಇಲ್ಲ, ಗೌರವವೂ ಇಲ್ಲ. ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಮಾನ್ವಿ ಸಿಸ್ಟರ್:
ಟೀಚರ್ ಬಾಗಿಲು ಅಂದರಲ್ಲ, ಅದರ ಬಗ್ಗೆ ಬರೆಯುತ್ತೇನೆ. ನಾನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. 2014ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು, 10ರಿಂದ 19 ವರ್ಷದವರಿಗೆ. ನಮ್ಮ ರಾಜ್ಯದಲ್ಲಿ ಅದರ ಕ್ಲಿನಿಕ್‌ಗೆ ಸ್ನೇಹ ಕ್ಲಿನಿಕ್ ಅಂತ ಹೆಸರು. ಸಲಹೆ, ತಪಾಸಣೆ ಎಲ್ಲ ಉಚಿತ. ಆದರೆ ಎಷ್ಟು ಮಕ್ಕಳಿಗೆ ಗೊತ್ತು?

ಗೊತ್ತಾಗಿ ಬಂದರೂ ಏನಾಗುತ್ತದೆ ನೋಡಿ. ಹೊರಗೆ ಒಂದೇ ಬೆಂಚು. ಅದರ ಮೇಲೆ ಬಸುರಿಯರ ತಪಾಸಣೆಗೆ ಬಂದ ಪಕ್ಕದ ಮನೆಯ ಅತ್ತಿಗೆ ಕೂತಿರುತ್ತಾಳೆ. "ನೀನು ಯಾಕವ್ವಾ ಬಂದಿ?" ಅಂತ ಕೇಳಿದರೆ ಮುಗಿಯಿತು, ಆ ಹುಡುಗಿ ಹೊಟ್ಟೆನೋವು ಅಂತ ಹೇಳಿ ಒಂದು ಮಾತ್ರೆ ತೆಗೆದುಕೊಂಡು ವಾಪಸ್ ಹೋಗುತ್ತಾಳೆ. ಚೀಟಿ ಬರೆಯುವವರು ಜೋರಾಗಿ ಹೆಸರು, ಊರು, ಯಾರ ಮಗಳು, ಏನು ತೊಂದರೆ ಅಂತ ಎಲ್ಲರ ಎದುರು ಕೇಳುತ್ತಾರೆ. ಶಾಲೆ ಬಿಟ್ಟ ಮೇಲಿನ ಹೊತ್ತು ಒಂದು ತಾಸು ಮಕ್ಕಳಿಗೆ ಅಂತಲೇ ಇಟ್ಟು, ಒಳಗಿನ ಕೋಣೆಯಲ್ಲಿ ಮಾತಾಡಿಸಿದರೆ ಸಾಕು, ಬರುವ ಮಕ್ಕಳು ಬೇರೆಯೇ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ, ಬಾಗಿಲಿಗೆ ಒಂದು ಪರದೆ ಇದ್ದರೆ ಸಾಕು.

ಡಬ್ಬಿಯ ಒಂದು ಚೀಟಿಗೆ ನಾನು ಉತ್ತರ ಕೊಡುತ್ತೇನೆ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಏರುಪೇರು ಸಾಮಾನ್ಯ. ಆದರೆ ಮೂರು ತಿಂಗಳು ಬರದಿದ್ದರೆ, ಹದಿನೈದು ತುಂಬಿದರೂ ಶುರುವೇ ಆಗದಿದ್ದರೆ, ರಕ್ತ ಸಿಕ್ಕಾಪಟ್ಟೆ ಹೋಗುತ್ತಿದ್ದರೆ ತೋರಿಸಬೇಕು. ಸಂಬಂಧ ಆಗಿದ್ದರೆ, ಅದು ಇಷ್ಟದಿಂದಲೋ ಒತ್ತಾಯದಿಂದಲೋ, ಕಾಯದೇ ತಕ್ಷಣ ಬರಬೇಕು. ತುರ್ತು ಗರ್ಭನಿರೋಧಕ ಮಾತ್ರೆ 72 ಗಂಟೆಯೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಅದು ಗರ್ಭ ಇಳಿಸುವ ಮಾತ್ರೆ ಅಲ್ಲ, ಸೋಂಕನ್ನೂ ತಡೆಯುವುದಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದ್ದರೆ ಎಷ್ಟೋ ಹುಡುಗಿಯರು ಸಿಕ್ಕ ಸಿಕ್ಕ ಮಾತ್ರೆ ನುಂಗಿ ರಕ್ತ ಸುರಿಸಿಕೊಂಡು ರಾತ್ರೋರಾತ್ರಿ ಆಸ್ಪತ್ರೆಗೆ ಬರುತ್ತಿರಲಿಲ್ಲ.

ಲಿಂಗಸುಗೂರು ಹುಡುಗ (ಈಗ ಬೆಂಗಳೂರು):
ಗಂಡುಮಕ್ಕಳು ಗ್ರೌಂಡಿನಲ್ಲಿ ಅಂದಿರಿ ಅಕ್ಕಾ, ಅಲ್ಲಿದ್ದವರಲ್ಲಿ ನಾನೂ ಒಬ್ಬ. ಒಳಗೆ ಏನು ನಡೆಯುತ್ತಿದೆ ಅಂತ ಯಾರೂ ಹೇಳಲಿಲ್ಲ. ನಮಗೆ ಪಾಠ ಹೇಳಿದ್ದು ಬಸ್ ಸ್ಟ್ಯಾಂಡಿನ ಗೋಡೆ. ಗುಪ್ತ ರೋಗ, ನರ ದೌರ್ಬಲ್ಯ, ಧಾತು ಹೋಗುವುದು, ಹಸ್ತಮೈಥುನದಿಂದ ಮದುವೆಗೆ ಲಾಯಕ್ಕಿಲ್ಲದವರಾಗುತ್ತೀರಿ ಅಂತ ಬರೆದಿರುತ್ತದೆ, ಕೆಳಗೆ ಲಾಡ್ಜಿನ ರೂಂ ನಂಬರ್. ನನ್ನ ಗೆಳೆಯನೊಬ್ಬ ಹತ್ತನೇ ಕ್ಲಾಸಿನಲ್ಲಿ ಮನೆಯಲ್ಲಿ ಸುಳ್ಳು ಹೇಳಿ ದುಡ್ಡು ತಂದು ಆ ಪುಡಿ ಕೊಂಡ. ಪರೀಕ್ಷೆಯ ಹೊತ್ತಿಗೆ ಅವನಿಗೆ ನಿದ್ದೆ ಇಲ್ಲ, ಊಟ ಇಲ್ಲ, ತಾನು ಸಾಯುತ್ತೇನೆ ಅಂತಲೇ ನಂಬಿದ್ದ. ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ, ಹಸ್ತಮೈಥುನದಿಂದ ರೋಗ ಬರುವುದಿಲ್ಲ, ಶಕ್ತಿ ಹೋಗುವುದಿಲ್ಲ ಅಂತ ಯಾರಾದರೂ ಒಬ್ಬ ಮೇಷ್ಟ್ರು ಎರಡು ನಿಮಿಷ ಹೇಳಿದ್ದರೆ ಆಗುತ್ತಿತ್ತು.

ಇದು ಬರೀ ದೇಹದ ವಿಷಯ ಅಲ್ಲ. ಹುಡುಗಿ ಬೇಡ ಅಂದರೆ ಹಿಂದೆ ಬೀಳಬೇಕು, ಆಮೇಲೆ ಒಪ್ಪುತ್ತಾಳೆ ಅಂತಲೇ ನಾವು ಬೆಳೆದೆವು. ಬೇಡ ಅಂದರೆ ಬೇಡ, ಸುಮ್ಮನಿದ್ದರೂ ಅದು ಒಪ್ಪಿಗೆ ಅಲ್ಲ ಅಂತ ನನಗೆ ಯಾರೂ ಶಾಲೆಯಲ್ಲಿ ಹೇಳಲಿಲ್ಲ. ನಿಕೋಲ್ ಹೇಬರ್‌ಲ್ಯಾಂಡ್ ಅನ್ನುವ ಸಂಶೋಧಕಿ 2015ರಲ್ಲಿ ಲೈಂಗಿಕ ಶಿಕ್ಷಣದ 22 ಕಾರ್ಯಕ್ರಮಗಳನ್ನು ಹೋಲಿಸಿ ನೋಡಿದ್ದಾರೆ. ಗಂಡು ಹೆಣ್ಣಿನ ನಡುವಿನ ಅಧಿಕಾರದ ಬಗ್ಗೆ ಮಾತಾಡಿದ ಕಾರ್ಯಕ್ರಮಗಳಲ್ಲಿ ಶೇ. 80ರಷ್ಟು ಕಡೆ ಬೇಡದ ಗರ್ಭ ಅಥವಾ ಸೋಂಕು ಕಡಿಮೆಯಾಗಿತ್ತು. ಆ ಮಾತು ಎತ್ತದ ಕಾರ್ಯಕ್ರಮಗಳಲ್ಲಿ ಶೇ. 17 ಮಾತ್ರ. ಕಾಂಡೋಮ್ ಹೇಗೆ ಬಳಸುವುದು ಅಂತ ಕಲಿಸಬಹುದು, ಆದರೆ "ಬಳಸು" ಅಂತ ಹೇಳುವ ಧೈರ್ಯ ಹುಡುಗಿಗೆ ಇಲ್ಲದಿದ್ದರೆ, ಕೇಳುವ ಬುದ್ಧಿ ಹುಡುಗನಿಗೆ ಇಲ್ಲದಿದ್ದರೆ ಅದು ಜೇಬಿನಲ್ಲೇ ಉಳಿಯುತ್ತದೆ.

ಬಳ್ಳಾರಿ ವಕೀಲೆ:
ಮಕ್ಕಳ ಕೇಸುಗಳನ್ನು ನೋಡುತ್ತೇನೆ, ಕಾನೂನಿನ ಭಾಗ ಹೇಳಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಹದಿನೇಳರ ಹುಡುಗಿ ತಾನೇ ಇಷ್ಟಪಟ್ಟು ಹೋದೆ ಅಂದರೂ ಕಾನೂನು ಆ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗ ಒಳಗೆ ಹೋಗುತ್ತಾನೆ, ಹುಡುಗಿ ಬಾಲಮಂದಿರಕ್ಕೆ ಹೋಗುತ್ತಾಳೆ. ಇಬ್ಬರಿಗೂ ಇದು ಗೊತ್ತೇ ಇರುವುದಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಮೊದಲ ಸಲ ಕೇಳುತ್ತಾರೆ.

ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುವುದು ನಮ್ಮ ಕಡೆಯ ದೊಡ್ಡ ನಂಬಿಕೆ. ಹೋಗುವುದಿಲ್ಲ. ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು, ಅದಕ್ಕೆ ಮೊದಲು ಮಾಡಿದ ಮದುವೆ, ಬಾಲ್ಯವಿವಾಹ ಕಾನೂನಿಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ, ಮೊದಲಿನಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಹೆಂಡತಿಗೆ 18 ಆಗಿರದಿದ್ದರೆ ಗಂಡ ಸೇರಿದರೂ ಅದು ಅತ್ಯಾಚಾರವೇ. ರಜೆಯಲ್ಲಿ ಮದುವೆ ಅಂತ ಚೀಟಿ ಬರೆದ ಮಗುವಿಗೆ ಮಕ್ಕಳ ಸಹಾಯವಾಣಿ 1098 ನಂಬರ್ ಬಾಯಿಪಾಠ ಆಗಿರಬೇಕು. ಟೀಚರ್ ಕೂಡ ಕರೆ ಮಾಡಬಹುದು, ಹೆಸರು ಹೇಳಬೇಕು ಅಂತೇನಿಲ್ಲ.

ಟೀಚರ್‌ಗಳಿಗೆ ಒಂದು ಎಚ್ಚರಿಕೆ. ಮಗು ಬಂದು "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಮಿಸ್" ಅಂದರೆ ಆಣೆ ಮಾಡಬೇಡಿ. ಅಪರಾಧ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ 19ನೇ ಕಲಮಿನ ಪ್ರಕಾರ ಎಲ್ಲರ ಕರ್ತವ್ಯ. "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ" ಅನ್ನಿ. ಅಷ್ಟನ್ನು ಉಳಿಸಿಕೊಳ್ಳಲು ಸಾಧ್ಯ.

ಮಾನ್ವಿ ಸಿಸ್ಟರ್:
ಮೇಡಂ, ಈ ವರದಿ ಮಾಡುವ ಭಯಕ್ಕೇ ಬಸುರಾದ ಹುಡುಗಿಯರನ್ನು ಮನೆಯವರು ಸರ್ಕಾರಿ ಆಸ್ಪತ್ರೆಗೆ ತರುವುದಿಲ್ಲ. ನಕಲಿ ಡಾಕ್ಟರ್ ಹತ್ತಿರ ಹೋಗುತ್ತಾರೆ. ಅದಕ್ಕೆ ಏನು ದಾರಿ?

ಬಳ್ಳಾರಿ ವಕೀಲೆ:
ದಾರಿ ಸ್ವಲ್ಪ ತೆರೆದಿದೆ ಸಿಸ್ಟರ್. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯ ನಂತರ 18 ತುಂಬದವರಿಗೆ 24 ವಾರದವರೆಗೆ ಅವಕಾಶ ಇದೆ, ಪೋಷಕರ ಒಪ್ಪಿಗೆ ಬೇಕು. ಇದು ಊರಿನ ಪ್ರತಿ ಆಶಾ ಅಕ್ಕನಿಗೂ ಗೊತ್ತಿರಬೇಕು.

ಕುಷ್ಟಗಿ ಆಶಾ:
ನನಗೆ ಬರೆದು ರೂಢಿ ಇಲ್ಲ, ಮಗನ ಕೈಲಿ ಟೈಪ್ ಮಾಡಿಸುತ್ತಿದ್ದೇನೆ. ನೀವೆಲ್ಲ ಶಾಲೆ ಶಾಲೆ ಅನ್ನುತ್ತೀರಿ. ಶಾಲೆಗೆ ಬರದ ಮಕ್ಕಳ ಗತಿ ಏನು? ಹತ್ತಿ ಕ್ರಾಸಿಂಗ್ (ಬೀಜಕ್ಕಾಗಿ ಹೂವಿಗೆ ಕೈಯಿಂದ ಪರಾಗ ಹಚ್ಚುವ ಕೆಲಸ) ಸೀಜನ್ ಬಂದರೆ ಹುಡುಗಿಯರು ಬೆಳಗ್ಗೆ ಹೊಲಕ್ಕೆ ಹೋಗುತ್ತಾರೆ, ಸಂಜೆ ಟಂಟಂ ಆಟೋದಲ್ಲಿ ಒತ್ತಿಕೊಂಡು ಬರುತ್ತಾರೆ. ಆ ಟಂಟಂನಲ್ಲಿ, ಹೊಲದ ಬದುವಿನಲ್ಲಿ ಆಗುವುದನ್ನು ಅವರು ಯಾರಿಗೆ ಹೇಳಬೇಕು? ಸುಗ್ಗಿ ಮುಗಿದ ಮೇಲೆ ಅರ್ಧ ಓಣಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತದೆ. ಹದಿನಾಲ್ಕು ಹದಿನೈದರ ಹುಡುಗಿಯನ್ನು ಶೆಡ್ಡಿನಲ್ಲಿ ಹೇಗೆ ಇಟ್ಟುಕೊಳ್ಳುವುದು ಅಂತಲೇ ಎಷ್ಟೋ ಮದುವೆ ಆಗುವುದು. ಅವ್ವಂದಿರಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ, ಭಯ.

ನಾನು ಮಾಡುವುದು ಇಷ್ಟು. ಅಂಗನವಾಡಿಯಲ್ಲಿ ನೀಲಿ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲು ಶಾಲೆ ಬಿಟ್ಟ ಹುಡುಗಿಯರು ವಾರಕ್ಕೊಮ್ಮೆ ಬರುತ್ತಾರೆ. ಆಗ ಕೂರಿಸಿ ಮಾತಾಡುತ್ತೇನೆ. ಒಂದು ವಾರ ಒಂದೇ ವಿಷಯ. ಅವ್ವಂದಿರಿಗೆ ಬೇರೆ. ಅತ್ತೆಯರಿಗೆ ಇನ್ನೂ ಬೇರೆ, ಯಾಕೆಂದರೆ ಮನೆಯಲ್ಲಿ ಮಾತು ನಡೆಯುವುದು ಅವರದು.

ಸಿರುಗುಪ್ಪ ಪಿಯುಸಿ:
ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ಹೆಸರು ಬೇಡ. ದೊಡ್ಡವರೇ ಮಾತಾಡುತ್ತಿದ್ದೀರಿ, ನಮ್ಮನ್ನೂ ಕೇಳಬೇಕಲ್ವಾ? ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ನಮ್ಮ ಸರ್ "ಇದನ್ನು ಮನೆಯಲ್ಲಿ ಓದಿಕೊಳ್ಳಿ, ಪರೀಕ್ಷೆಗೆ ಚಿತ್ರ ಬರುತ್ತದೆ" ಅಂದು ಮುಂದಿನ ಪಾಠಕ್ಕೆ ಹೋದರು. ಹುಡುಗರು ನಕ್ಕರು. ನಾವು ತಲೆ ತಗ್ಗಿಸಿಕೊಂಡೆವು. ಇದು ನಾಚಿಕೆಯ ವಿಷಯ, ಕೇಳಬಾರದು ಅನ್ನುವುದನ್ನು ಆ ಒಂದು ನಿಮಿಷದಲ್ಲೇ ಕಲಿತೆವು.

ನಮಗೆ ಬೇಕಾದ್ದು ಮಾತು ಆಡುವ ಅಭ್ಯಾಸ. "ಫೋಟೊ ಕಳಿಸು, ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಅವನು ಕೇಳಿದರೆ ಏನು ಹೇಳಬೇಕು? ಇಲ್ಲ ಅನ್ನು ಅಂತ ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ. ಕ್ಲಾಸಿನಲ್ಲಿ ಇಬ್ಬಿಬ್ಬರು ನಿಂತು ಸುಮ್ನೆ ನಾಟಕದ ಹಾಗೆ ಆಡಿ ನೋಡಿದ್ದರೆ ಬರುತ್ತಿತ್ತು. ಈಗಾಗಲೇ ಕಳಿಸಿದವರಿಗೂ ಬೈಯದೆ ಹೇಳಬೇಕು, ತಪ್ಪು ಹೆದರಿಸುವವನದು ಅಂತ. ಬೈಯ್ಯುತ್ತಾರೆ ಅಂತಲೇ ನನ್ನ ಕ್ಲಾಸ್‌ಮೇಟ್ ಒಬ್ಬಳು ಯಾರಿಗೂ ಹೇಳದೆ ಕಾಲೇಜ್ ಬಿಟ್ಟಳು. ಹೇಳುವವರು ನಗಬಾರದು, ನಾಳೆ ಸ್ಟಾಫ್ ರೂಮಿನಲ್ಲಿ ನಮ್ಮ ಮಾತು ಆಡಬಾರದು. ಅಷ್ಟಿದ್ದರೆ ನಾವು ಕೇಳುತ್ತೇವೆ.

ನಿವೃತ್ತ ಹೆಡ್‌ಮಾಸ್ಟರ್, ಸಂಡೂರು:
ತಂಗಿ, ನೀನು ಬರೆದದ್ದು ತರಬೇತಿಯಲ್ಲಿ ಓದಿಸಬೇಕಾದ ಮಾತು. ಮೇಷ್ಟ್ರುಗಳಿಗೂ ಯಾರೂ ಕಲಿಸಿಲ್ಲ. ಆ ಶಬ್ದಗಳನ್ನು ಜೋರಾಗಿ ಹೇಳಿ ಅವರಿಗೆ ಅಭ್ಯಾಸ ಇಲ್ಲ, ಮೊದಲು ಅವರ ನಾಚಿಕೆ ಬಿಡಿಸಬೇಕು.

ಸ್ವಲ್ಪ ಹಿಂದಿನದು ಹೇಳುತ್ತೇನೆ. 2005ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಮತ್ತು ನ್ಯಾಕೊ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದರು. ಚಿತ್ರಗಳು ಅಶ್ಲೀಲ ಅಂತ ಗಲಾಟೆ ಎದ್ದು 2007ರಲ್ಲಿ ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಅದೇ ಹೊತ್ತಿನಲ್ಲಿ ಜಾರ್ಖಂಡ್ ನಿಲ್ಲಿಸಲಿಲ್ಲ. 2006ರಲ್ಲಿ ಶುರು ಮಾಡಿದ್ದನ್ನು ಉಡಾನ್ ಅನ್ನುವ ಹೆಸರಿನಲ್ಲಿ ಸರ್ಕಾರಿ ಶಾಲೆಗಳಲ್ಲಿ ಮುಂದುವರಿಸಿತು. ಅಲ್ಲೂ ನಮ್ಮ ಹಾಗೆ ಬಡತನ, ಬಾಲ್ಯವಿವಾಹ ಎಲ್ಲ ಇದ್ದವು. ಜನರನ್ನು ಜೊತೆಗೆ ಕರೆದುಕೊಂಡರು, ಅದೇ ವ್ಯತ್ಯಾಸ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಪುಸ್ತಕ ಮೇಜಿನ ಮೇಲಿಟ್ಟು, ಇದೇ ಹೇಳುವುದು, ಓದಿ ನೋಡಿ ಅಂದರೆ ಮುಕ್ಕಾಲು ವಿರೋಧ ಅಲ್ಲೇ ಕರಗುತ್ತದೆ. ಕದ್ದು ಮುಚ್ಚಿ ಮಾಡಲು ಹೋದರೆ ಮಾತ್ರ ಗಲಾಟೆ.

ಸಿಂಧನೂರು ರೈಸ್ ಮಿಲ್:
ಎಲ್ಲ ಓದಿದೆ. ಪಿಯುಸಿ ಮಗಳು ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ನನ್ನ ಭಯ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಮಗಳಿಗೆ ಯಾರಾದರೂ ಹೀಗೆ ಹೆದರಿಸಿದರೆ ಅವಳು ನನ್ನ ಹತ್ತಿರ ಬರುತ್ತಾಳಾ ಅಂತ ಯೋಚಿಸಿದೆ. ಬರುವುದಿಲ್ಲ ಅನಿಸಿತು. ಅವಳು ಹೋಗಲು ಯಾರಾದರೂ ಒಬ್ಬ ಟೀಚರ್ ಇರಲಿ. ಮಗನನ್ನೂ ಕೂರಿಸಿ. ಏನು ಹೇಳುತ್ತೀರಿ ಅನ್ನುವುದನ್ನು ಮೊದಲು ನಮಗೆ ತೋರಿಸಿ, ಅಷ್ಟೇ.

ಕಾರಟಗಿ ಟೀಚರ್:
ಖಂಡಿತ ತೋರಿಸಬೇಕು ಅಣ್ಣಾ, ನಿಮ್ಮ ಮಕ್ಕಳ ಶಾಲೆಯಲ್ಲೂ ಹಾಗೇ ಕೇಳಿ, ಅದು ನಿಮ್ಮ ಹಕ್ಕು. ಹೆಡ್‌ಮಾಸ್ಟರ್ ಸರ್ ಹೇಳಿದ ಹಾಗೆ ನಾನು ನಮ್ಮ ಎಸ್‌ಡಿಎಂಸಿಯಿಂದಲೇ ಶುರು ಮಾಡುತ್ತೇನೆ. ಎಂಟನೇ ಕ್ಲಾಸಿನಿಂದ ಹತ್ತರವರೆಗೆ, ಒಂದು ಶನಿವಾರ ಬಿಟ್ಟು ಒಂದು ಶನಿವಾರ, ವರ್ಷಪೂರ್ತಿ. ಮೊದಲು ಗಂಡು ಹೆಣ್ಣು ಬೇರೆ ಬೇರೆ ಕೂರಲಿ, ಸಲುಗೆ ಬಂದ ಮೇಲೆ ಒಪ್ಪಿಗೆ, ಗೌರವ, ಮುಟ್ಟಿನ ಪಾಠ ಒಟ್ಟಿಗೆ. ಗಂಡುಮಕ್ಕಳಿಗೆ ಹೇಳಲು ನಮ್ಮ ಪಿಟಿ ಸರ್ ಒಪ್ಪಿದ್ದಾರೆ, ಹುಡುಗರಿಗೆ ಅವರೆಂದರೆ ಇಷ್ಟ. ಕುಷ್ಟಗಿ ಅಕ್ಕಾ, ನಿಮ್ಮ ಹಾಗೆ ಅವ್ವಂದಿರನ್ನು ಕೂರಿಸುವವರು ನಮ್ಮ ಊರಲ್ಲಿ ಯಾರಿದ್ದಾರೆ ಅಂತ ಹುಡುಕುತ್ತಿದ್ದೇನೆ, ನಿಮಗೆ ಪರಿಚಯ ಇದ್ದರೆ ಮೆಸೇಜ್ ಮಾಡಿ.

ಸಿಸ್ಟರ್, ನಿಮಗೆ ಒಂದು ಪ್ರಶ್ನೆ. ಸ್ನೇಹ ಕ್ಲಿನಿಕ್ ಇದೆ ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳು ಬರುತ್ತಾರಾ?

ಮಾನ್ವಿ ಸಿಸ್ಟರ್:
ಬರುವುದಿಲ್ಲ. ಕಷ್ಟ ಬಂದ ದಿನವೇ ಮೊದಲ ಸಲ ಆಸ್ಪತ್ರೆಯ ಬಾಗಿಲು ತಳ್ಳುವುದು ಯಾವ ಮಗುವಿಗೂ ಆಗುವುದಿಲ್ಲ. ಇಡೀ ಕ್ಲಾಸನ್ನು ಒಮ್ಮೆ ಕರೆದುಕೊಂಡು ಹೋಗಿ. ಎಲ್ಲರೂ ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ, ತೂಕ ನೋಡಲಿ, ಒಳಗಿನ ಕೋಣೆ ಯಾವುದು, ಅಲ್ಲಿ ಕೂರುವ ಸಿಸ್ಟರ್ ಮುಖ ಹೇಗಿದೆ ಅಂತ ನೋಡಲಿ. ಆಮೇಲೆ ಒಬ್ಬಳೇ ಬಂದರೂ "ರಕ್ತ ಚೆಕ್ ಮಾಡಿಸಲು ಬಂದೆ" ಅಂತ ಬೆಂಚಿನ ಮೇಲಿನ ಅತ್ತಿಗೆಗೆ ಹೇಳಬಹುದು. ಹೋಗುವ ಮೊದಲು ಅಲ್ಲಿನ ಮೆಡಿಕಲ್ ಆಫೀಸರ್‌ಗೆ ಫೋನ್ ಮಾಡಿ, ಲಸಿಕೆ ಹಾಕುವ ದಿನ ಬಿಟ್ಟು ಬೇರೆ ದಿನ ಕೇಳಿ. ಲಸಿಕೆ ದಿನ ಕಾಲಿಡಲು ಜಾಗ ಇರುವುದಿಲ್ಲ.